ಒಂದು ವರ್ಷದ ಹಾಜರಿ

ಯಾದಗಿರಿಗೆ ಬಂದ ಎರಡು ತಿಂಗಳಲ್ಲಿ ಹದಿನಾಲ್ಕು ಕಡೆ ಅರ್ಜಿ ಕೊಟ್ಟಿದ್ದೆ. ಹದಿನಾಲ್ಕೂ ಕಡೆ ಕೇಳಿದ್ದು ಒಂದೇ ಪ್ರಶ್ನೆ, ಅನುಭವ ಎಷ್ಟಿದೆ ಎಂದು. ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು, ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆಯೇ ಎಂದು ಒಬ್ಬರನ್ನು ಕೇಳಿಯೂ ಬಿಟ್ಟೆ. ಅವರು ನನ್ನ ಅರ್ಜಿಯನ್ನು ಮಡಚಿ ಚಹಾದ ಕಪ್ಪಿನ ಕೆಳಗಿಟ್ಟುಕೊಂಡರು. ನನ್ನ ನಾಲಿಗೆ ತುಸು ಉದ್ದ. "ದಾನೇಶ್ವರಿ, ಪರಊರಾಗ ಬಾಯಿ ಹಿಡಿದು ಮಾತಾಡು" ಎಂದು ಅವ್ವ ಬಸ್ಸಿನ ಕಿಟಕಿ ಹಿಡಿದುಕೊಂಡು ಹೇಳಿ ಕಳಿಸಿದ್ದಳು.

ನಮ್ಮೂರು ಸುರಪುರದ ಹತ್ತಿರದ ಬೋನಾಳ. ಅವ್ವ ತಿಮ್ಮವ್ವ ಹತ್ತಿ ಬಿಡಿಸಲು ಕೂಲಿಗೆ ಹೋಗುವವಳು. ಅಕ್ಷರ ಬಾರದು, ಅದಕ್ಕೇ ಕಾಗದವೆಂದರೆ ಅವಳಿಗೆ ಭಯಭಕ್ತಿ. ಸೀಲು ಬಿದ್ದ ಯಾವ ಕಾಗದವನ್ನೂ ಈವರೆಗೆ ಎಸೆದವಳಲ್ಲ. ನನ್ನ ಅಂಕಪಟ್ಟಿ, ಹಳೆಯ ಬಸ್ ಪಾಸು, ಬರೆದು ಫೇಲಾದ ಪರೀಕ್ಷೆಗಳ ಹಾಲ್ ಟಿಕೆಟ್ಟು, ಎಲ್ಲವೂ ಒಂದು ಗಂಟಾಗಿ ಬುದ್ಧನ ಫೋಟೋದ ಕೆಳಗಿನ ತಗಡಿನ ಟ್ರಂಕಿನಲ್ಲಿ ಇರುತ್ತವೆ. ಹೋದ ವರ್ಷ ನಾನು ಬಿ.ಎಸ್ಸಿ. ಮುಗಿಸಿದಾಗ ಆ ಸರ್ಟಿಫಿಕೇಟೂ ಅದೇ ಗಂಟಿಗೆ ಸೇರಿತು. ಝೆರಾಕ್ಸ್ ಹಿಡಿದುಕೊಂಡು ನಾನು ಮೊದಲು ಶಹಾಪುರದಲ್ಲಿ ಅಲೆದೆ. ಅಲ್ಲಿ ಏನೂ ಗಿಟ್ಟದೆ ಯಾದಗಿರಿಗೆ ಬಂದು, ಸ್ಟೇಷನ್ ಹತ್ತಿರ ಲಾಲಮ್ಮ ಎಂಬಾಕೆಯ ಮನೆಯ ಹಿಂದಿನ ಕೋಣೆ ಹಿಡಿದೆ.

ಹದಿನೈದನೆಯ ಅರ್ಜಿ ಹಾಕಿದ್ದು ಊರಾಚೆಯ ಒಂದು ಔಷಧ ಕಂಪನಿಗೆ. ಮಾತ್ರೆಗೆ ಬೇಕಾಗುವ ಪುಡಿ ತಯಾರಿಸುವ ಜಾಗ. ಬಸ್ಸು ಇಳಿದ ಕೂಡಲೇ ಕೊಳೆತ ಉಳ್ಳಾಗಡ್ಡಿಯ ವಾಸನೆ ಮೂಗಿಗೆ ಬಡಿಯಿತು. ಆಫೀಸಿನಲ್ಲಿ ಕೂತಿದ್ದ ಮ್ಯಾನೇಜರ್ ಸಂಗಣ್ಣ ಹಣೆತುಂಬ ವಿಭೂತಿ ಹಚ್ಚಿದ, ಮೆತ್ತಗೆ ಮಾತಾಡುವ ಮನುಷ್ಯ. ಅಂಕಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಹೋದ ವರ್ಷದಿಂದ ಎಲ್ಲಾದರೂ ಕೆಲಸ ಮಾಡೀರೇನು?"

"ಇಲ್ರಿ."

"ಪಿ.ಎಫ್. ಖಾತೆ, ಬ್ಯಾಂಕಿನಾಗ ಪಗಾರ, ಅಂಥಾದ್ದು?"

"ಏನೂ ಇಲ್ರಿ."

ಅವರ ಮುಖ ಅರಳಿತು. ಎರಡು ತಿಂಗಳಲ್ಲಿ ನನ್ನ 'ಇಲ್ಲ' ಎಂಬ ಉತ್ತರ ಕೇಳಿ ಖುಷಿಪಟ್ಟ ಮೊದಲ ಮನುಷ್ಯ ಅವರು.

ಕೆಮಿಸ್ಟ್ ಹುದ್ದೆ ಖಾಲಿ ಇದೆ, ಆದರೆ ಒಂದು ವರ್ಷದ ಅನುಭವ ಇಲ್ಲದವರನ್ನು ತೆಗೆದುಕೊಳ್ಳಲು ನಿಯಮ ಬಿಡುವುದಿಲ್ಲ ಎಂದರು. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ನೀವು ಹೋದ ಅಕ್ಟೋಬರಿನಾಗೇ ನಮ್ಮಲ್ಲಿ ಸೇರೀರಿ ಅಂತ ಬರಕೊಳ್ಳೂಣು. ಕಾಗದದ ಮ್ಯಾಲ ಅಷ್ಟ. ನಿಮಗೂ ಅನುಭವ ಆತು, ನಮಗೂ ಕೆಮಿಸ್ಟ್ ಸಿಕ್ಕಂಗ ಆತು."

ಈಗ ಲಂಚ ಕೇಳುತ್ತಾರೆ, ಕೇಳಿದರೆ ಮುಖಕ್ಕೆ ಹೊಡೆದಂತೆ ಉತ್ತರ ಕೊಡಬೇಕು ಎಂದು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವರು ಕೇಳಲೇ ಇಲ್ಲ. ಆಗಲೇ ಎದ್ದು ಬರಬೇಕಿತ್ತು.

ಹಾಜರಿ ಪುಸ್ತಕ ಬಂತು. ಹನ್ನೆರಡು ತಿಂಗಳು, ಹನ್ನೆರಡು ಪುಟ. ಪ್ರತಿ ಪುಟದ ಕೊನೆಯ ಸಾಲಿನಲ್ಲಿ ನನ್ನ ಹೆಸರು ಆಗಲೇ ಬರೆದಿತ್ತು, ಮುಂದಿನ ಚೌಕಗಳು ಖಾಲಿ. ಸಂಗಣ್ಣ ಐದಾರು ಪೆನ್ನು ತಂದಿಟ್ಟರು. ಒಂದಷ್ಟು ದಿನ ನೀಲಿ, ಒಂದಷ್ಟು ದಿನ ಕಪ್ಪು, ನಡುವೆ ಒಂದು ವಾರ ಇಂಕು ಸರಿಯಾಗಿ ಹರಿಯದ ಪೆನ್ನು. ಅವರ ಜಾಣತನ ಕಂಡು ನನಗೆ ನಗು ಬಂತು. ಭಾನುವಾರ ಬಿಡಬೇಕು. ರಜೆ ಬೇಕಾದರೆ ನೀವೇ ಆರಿಸಿಕೊಳ್ಳಿ ಎಂದರು. ಎಳ್ಳಮಾವಾಸ್ಯೆಗೆ ಎರಡು ದಿನ, ಏಪ್ರಿಲ್ ಹದಿನಾಲ್ಕಕ್ಕೆ ಒಂದು ದಿನ ಬಿಟ್ಟೆ. ಮಾಡದ ಕೆಲಸಕ್ಕೆ ರಜೆ ಹಾಕುವುದರಲ್ಲೂ ಒಂದು ಸುಖವಿತ್ತು, ಸುಳ್ಳೇಕೆ ಹೇಳಲಿ.

ಫೆಬ್ರುವರಿ ಹದಿನಾರರ ಚೌಕ ದಾಟಿ ಹೋಗುವಾಗ ಅವರ ಬೆರಳು ಅಡ್ಡ ಬಂತು.

"ಇದೊಂದಕ್ಕ ಹಾಕ್ರಿ."

"ಭಾನುವಾರ ಅದಲ್ರಿ."

"ಆವತ್ತು ಟ್ಯಾಂಕ್ ತೊಳಿಯೋ ಕೆಲಸ ಇತ್ತು. ನೀವು ಬಂದಿದ್ರಿ."

ನನ್ನ ಉದ್ದನೆಯ ನಾಲಿಗೆ ಸುಮ್ಮನಿರಲಿಲ್ಲ. "ಆವತ್ತು ನಾ ಕಲಬುರಗಿಯಾಗ ನೌಕರಿ ಪರೀಕ್ಷಾ ಬರಿಯಾಕತ್ತಿದ್ದೆ ರಿ. ಹಾಲ್ ಟಿಕೆಟ್ ಮ್ಯಾಲ ಸಹಿ, ಸೀಲು, ತಾರೀಖು ಎಲ್ಲಾ ಅದ. ನಮ್ಮವ್ವ ಇನ್ನೂ ಟ್ರಂಕಿನಾಗ ಇಟ್ಟಾಳ."

ಸಂಗಣ್ಣ ನಗಲಿಲ್ಲ. "ಈ ಒಂದು ವರ್ಷ ನೀವು ಎಲ್ಲೂ ಹೋಗಿಲ್ಲ. ಇಲ್ಲೇ ಇದ್ದೀರಿ" ಎಂದು, ಬೋನಾಳ ಎಂಬ ನಮ್ಮೂರಿನ ಹೆಸರನ್ನು ಒಂದು ಚೀಟಿಯಲ್ಲಿ ಬರೆದುಕೊಂಡರು. ನಾನು ಸಹಿ ಮಾಡಿದೆ. ಆಮೇಲೆ ಒಂದು ಹಸಿರು ಪುಸ್ತಕ ತೆರೆದರು. ಅದರಲ್ಲಿ ಅದೇ ತಾರೀಖಿನ ಒಂದು ಸಾಲಿಗೆ ಮಾತ್ರ ಸಹಿ ಇರಲಿಲ್ಲ: 'ನಾಲ್ಕನೇ ಟ್ಯಾಂಕಿನ ಒಳಗಿನ ಗಾಳಿ ಪರೀಕ್ಷಿಸಿದ್ದೇನೆ. ಕಾರ್ಮಿಕರು ಇಳಿಯಬಹುದು.' ಓದದೆ ಸಹಿ ಮಾಡಿದೆ ಎಂದು ಹೇಳಿದರೆ ಪಾಪ ಬಂದೀತು. ಓದಿದೆ, ಓದಿಯೇ ಮಾಡಿದೆ. ವರ್ಷವೇ ಸುಳ್ಳಾದ ಮೇಲೆ ಇನ್ನೊಂದು ಸಾಲಿನದೇನು ಎಂದುಕೊಂಡೆ. ಹೊರಗೆ ಬಂದು ನೌಕರಿ ಸಿಕ್ಕಿತೆಂದು ಅವ್ವನಿಗೆ ಫೋನು ಮಾಡಿದಾಗ ಅವಳು ಖುಷಿಗೆ ಅತ್ತಳು.

ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಏನೋ ಸರಿಯಿಲ್ಲ ಅನ್ನಿಸತೊಡಗಿತು. ನಾನು ಊಟದ ಕೋಣೆಗೆ ಹೋದರೆ ಕಾರ್ಮಿಕರ ಮಾತು ನಿಲ್ಲುತ್ತಿತ್ತು. ನಾಲ್ಕನೇ ಟ್ಯಾಂಕಿನ ಮುಚ್ಚಳಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ್ದರು, ಅದರ ಪಕ್ಕದ ದಾರಿ ಹತ್ತಿರವಾದರೂ ಎಲ್ಲರೂ ಸುತ್ತು ಹಾಕಿ ಹೋಗುತ್ತಿದ್ದರು. ಸಂಗಣ್ಣ ಮಾತ್ರ ದಿನಾ ಲ್ಯಾಬಿಗೆ ಬಂದು ಚೆನ್ನಾಗಿದ್ದೀರಾ ಎಂದು ಕೇಳಿ, ಹೋಗುವಾಗ ಬಾಗಿಲಲ್ಲಿ ನಿಂತು, "ಆ ಹಾಲ್ ಟಿಕೆಟ್ ತರಿಸಿಕೊಂಡ್ರೇನು?" ಎನ್ನುತ್ತಿದ್ದರು. ಊರಿಗೆ ಹೋದಾಗ ತರುತ್ತೇನೆ ಎನ್ನುತ್ತಿದ್ದೆ.

ಮೂರನೇ ವಾರ ವನದುರ್ಗದ ದೇವಿಂದ್ರ ಎಂಬ ಹಳೆಯ ಕಾರ್ಮಿಕ ಊಟಕ್ಕೆ ನನ್ನ ಎದುರು ಕೂತ. "ಮೇಡಂ, ನೀವು ಇಲ್ಲಿ ಯಾವಾಗಿಂದ ಅದೀರಿ?" ಎಂದು ಕೇಳಿದ. ಕಲಿಸಿಕೊಟ್ಟ ಪಾಠ ಒಪ್ಪಿಸಿದೆ, ಅಕ್ಟೋಬರಿಗೆ ಒಂದು ವರ್ಷ ಆಯಿತು ಎಂದೆ.

ಅವನು ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟ. "ಆ ಭಾನುವಾರ ಟ್ಯಾಂಕಿನಾಗ ಇಳಿದವರು ನಾವು ಇಬ್ಬರು, ನಾನು, ಗಯಾಸ. ನಾ ಹಗ್ಗ ತರಾಕ ಮ್ಯಾಲ ಬಂದೆ, ಉಳಿದೆ. ಇಪ್ಪತ್ತೆರಡು ವರ್ಷದ ಹುಡುಗ ಕೆಳಗ ಬಿದ್ದು ಸತ್ತ. ಗಾಳಿ ನೋಡಾಕ ಯಾರೂ ಬಂದಿದ್ದಿಲ್ಲ. ಆವತ್ತು ಕೆಮಿಸ್ಟೇ ಇದ್ದಿಲ್ಲ ಮೇಡಂ. ಅವ್ರು ಜನವರಿಯಾಗೇ ಬಿಟ್ಟು ಹೋಗಿದ್ರು."

ಅಷ್ಟು ಹೇಳಿ ಎದ್ದು ಹೋದ. ಮರುದಿನದಿಂದ ಅವನು ಕೆಲಸದಲ್ಲಿ ಕಾಣಲಿಲ್ಲ. ಕೇಳಿದರೆ, ಬಿಟ್ಟನಂತೆ ಎಂದರು.

ನನಗೆ ಆಗ ಅರ್ಥವಾಯಿತು. ಹಸಿರು ಪುಸ್ತಕದಲ್ಲಿ ಆ ಸಾವಿನ ದಿನದ ಸಹಿಯ ಜಾಗ ಖಾಲಿ ಇತ್ತು, ಅದರ ಹೊಣೆ ಹೊರಲು ಒಬ್ಬಳು ಬೇಕಿತ್ತು, ಆ ವರ್ಷ ಬೇರೆಲ್ಲೂ ಕೆಲಸದ ಗುರುತಿಲ್ಲದವಳು. ಹಾಗಾದರೆ ಬಿಟ್ಟು ಬರಬಾರದಿತ್ತೇ ಎಂದು ನೀವು ಕೇಳಬಹುದು. ಹದಿನಾಲ್ಕು ಬಾಗಿಲು ತಟ್ಟಿ ನೋಡಿ, ಆಮೇಲೆ ಕೇಳಿ. ಕೊರಳಿಗೆ ಹಾಕಿದ ಗುರುತಿನ ಚೀಟಿಯ ಫೋಟೋವನ್ನು ಅವ್ವ ಇಡೀ ಓಣಿಗೆ ತೋರಿಸಿದ್ದಳು. ಸಂಬಳ ಆಗಲಿ, ಆಮೇಲೆ ನೋಡೋಣ ಎಂದು ಹತ್ತು ದಿನ ತಳ್ಳಿದೆ. ಹಾಲ್ ಟಿಕೆಟ್ ಇರುವವರೆಗೆ ನನಗೇನೂ ಆಗದು ಎಂಬ ಒಂದು ಧೈರ್ಯವಿತ್ತು. ಸಂಗಣ್ಣ ಕೇಳಿದಾಗಲೆಲ್ಲ ಇನ್ನೂ ಸಿಕ್ಕಿಲ್ಲ ಎನ್ನುತ್ತಿದ್ದೆ. ಶುಕ್ರವಾರದಿಂದ ಅವರು ಕೇಳುವುದನ್ನೇ ನಿಲ್ಲಿಸಿದರು. ಸೋಮವಾರ ಹತ್ತು ಗಂಟೆಗೆ ಒಬ್ಬ ಅಧಿಕಾರಿ ನಾಲ್ಕನೇ ಟ್ಯಾಂಕಿನ ವಿಚಾರಣೆಗೆ ಕರೆದಿದ್ದಾರೆ, ನೀವೂ ಬರಬೇಕು, ಪುಸ್ತಕದಲ್ಲಿರುವುದು ನಿಮ್ಮದೇ ಸಹಿ ಎಂದರೆ ಸಾಕು ಎಂದಷ್ಟೇ ಹೇಳಿದರು.

ಭಾನುವಾರ ಮಧ್ಯಾಹ್ನ ಬಟ್ಟೆ ಒಗೆಯುತ್ತಿದ್ದೆ. ಲಾಲಮ್ಮ ಬಂದು, "ಎದುರಿನ ಬೇವಿನ ಗಿಡದ ಕೆಳಗ ಒಬ್ಬಾಕಿ ಮೂರು ದಿನದಿಂದ ಕೂಡ್ತಾಳ. ಇವತ್ತು ನಿನ್ನ ಹೆಸರು ಹಿಡಿದು ಕೇಳಾಕತ್ಯಾಳ" ಎಂದಳು. ಅವಳ ಬೆನ್ನ ಹಿಂದೆಯೇ ಆ ಹೆಂಗಸು ಒಳಗೆ ಬಂದಿದ್ದಳು. ತಲೆಯ ಮೇಲೆ ಸೆರಗು, ಧೂಳು ಮೆತ್ತಿದ ಕಾಲು. ಲಾಲಮ್ಮ ನೀರು ಕೊಟ್ಟು ಒಳಗೆ ಹೋದಳು. ಹೆಂಗಸು ನೀರು ಕುಡಿಯಲಿಲ್ಲ, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಳು.

"ನಾ ಖಾಸಿಂಬೀ, ಹತ್ತಿಕುಣಿಯಾಕಿ. ಗಯಾಸನ ತಾಯಿ."

ನನ್ನ ಕೈಯಿಂದ ಬಟ್ಟೆ ಜಾರಿ ಬಕೆಟ್ಟಿಗೆ ಬಿತ್ತು.

"ಹೆದರಬ್ಯಾಡ ಬೇಟಿ. ಬೈಯಾಕ ಬಂದಿಲ್ಲ. ಆವತ್ತು ಅಲ್ಲಿ ನೀ ಇದ್ದಿ ಅಂತ ಪುಸ್ತಕದಾಗ ಅದ ಅಂತ ಕಂಪನಿಯವರು ಅಂದ್ರು, ಓದಿ ಹೇಳಿದ್ರು. ಒಂದ ಮಾತು ಕೇಳಾಕ ಬಂದೀನಿ. ಕೊನೀಗಿ ನನ್ನ ಮಗ ನೀರು ಕೇಳಿದ್ನೇನು?"

ತಡೆದುಕೊಳ್ಳಲು ಆಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ, ಐದಾರು ಪೆನ್ನು, ಹಸಿರು ಪುಸ್ತಕ, ಕಲಬುರಗಿಯ ಪರೀಕ್ಷೆ. ನಾನು ಅಲ್ಲಿ ಇರಲೇ ಇಲ್ಲ, ನಿಮ್ಮ ಮಗನ ಮುಖವನ್ನೇ ನೋಡಿದವಳಲ್ಲ ಎಂದೆ. ನಾಳೆ ಅಧಿಕಾರಿಯ ಮುಂದೆ ಇದನ್ನೇ ಹೇಳುತ್ತೇನೆ, ನೌಕರಿ ಹೋದರೆ ಹೋಗಲಿ ಎಂದೆ. ಬಾಯಿಂದ ಆ ಮಾತು ಬಂದ ಮೇಲೆಯೇ ಅದು ನಿಜವೆಂದು ನನಗೂ ಗೊತ್ತಾಯಿತು.

ಖಾಸಿಂಬೀ ನನ್ನ ಕಡೆ ತಿರುಗಿದಳು. "ಅಂದ್ರ ಯಾರೂ ಇದ್ದಿಲ್ಲೇನು?"

"ಇದ್ದಿಲ್ರಿ" ಎಂದೆ.

"ನಿನ್ನ ಹೆಸರು ಕೇಳಿದ ದಿನದಿಂದ ನನಗ ಸ್ವಲ್ಪ ನಿದ್ದಿ ಬರಾಕತ್ತಿತ್ತು. ಓದಿದ ಹುಡುಗಿ ಇದ್ದಾಳಂತ, ತಲಿ ಎತ್ತಿ ಹಿಡಿದಿರ್ತಾಳ, ಒಂದು ಗುಟುಕು ನೀರಾದ್ರೂ ಹಾಕಿರ್ತಾಳ ಅಂತ."

ನನ್ನ ಹತ್ತಿರ ಪುರಾವೆ ಇದೆ, ಕಂಪನಿ ಇನ್ನು ತಪ್ಪಿಸಿಕೊಳ್ಳಲಾಗದು ಎಂದು ಅವಳಿಗೆ ಧೈರ್ಯ ಹೇಳಿದೆ. ಅವಳಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿ ಅವ್ವನಿಗೆ ಫೋನು ಹಚ್ಚಿದೆ.

"ಅವ್ವಾ, ಟ್ರಂಕಿನಾಗ ಕಲಬುರಗಿ ಪರೀಕ್ಷಾದ ಹಾಲ್ ಟಿಕೆಟ್ ಅದಲ್ಲ, ಅದನ್ನ ಯಾರಿಗೂ ಕೊಡಬ್ಯಾಡ. ನಾ ಸಂಜೀಕ ಬರ್ತೀನಿ."

"ಈಗ ಹೇಳಿದ್ರ? ನಿನ್ನೆ ಮುಂಜಾನಿನೇ ನಿಮ್ಮ ಕಂಪನಿ ಜೀಪು ಬಂದಿತ್ತು. ಸಂಗಣ್ಣ ಸಾಹೇಬ್ರು ತಾವೇ ಬಂದಿದ್ರು. ನಿನ್ನ ನೌಕರಿ ಕಾಯಂ ಮಾಡಾಕ ಕಾಗದ ಬೇಕು ಅಂದ್ರು." ಅವ್ವನ ದನಿಯಲ್ಲಿ ಹಬ್ಬವಿತ್ತು. "ನಮ್ಮ ಮನಿ ಚಹಾ ಕುಡಿದ್ರು ನೋಡು, ಒಂದು ಮಾತೂ ಅನಲಿಲ್ಲ. ಓಣಿ ಮಂದಿ ಎಲ್ಲಾ ನಿಂತು ನೋಡಿದ್ರು. ನಿನಗ ತಾವೇ ಹೇಳ್ತೀನಿ ಅಂದಿದ್ರು, ಅದಕ್ಕ ನಾ ಫೋನು ಮಾಡಲಿಲ್ಲ."

"ಯಾವ ಕಾಗದ ಕೊಟ್ಟಿ?"

"ಯಾವುದಂತ ನನಗೇನು ತಿಳೀತದ? ಇಡೀ ಗಂಟೇ ಕೊಟ್ಟು ಕಳಿಸೀನಿ."

ಫೋನು ಕೆಳಗಿಟ್ಟೆ. ಪರೀಕ್ಷೆ ನಡೆಸಿದವರ ಬಳಿ ದಾಖಲೆ ಇರಬಹುದು, ಆದರೆ ನಾಳೆ ಬೆಳಿಗ್ಗೆ ಹತ್ತರೊಳಗೆ ನನಗೆ ಯಾರು ಹುಡುಕಿ ಕೊಡುತ್ತಾರೆ? ಒಂದು ವರ್ಷದ ಸಹಿ ಅವರ ಕಪಾಟಿನಲ್ಲಿತ್ತು, ಈಗ ನನ್ನ ಗಂಟೂ ಅಲ್ಲೇ ಹೋಗಿತ್ತು.

ಖಾಸಿಂಬೀ ಲೋಟವನ್ನು ಪಕ್ಕಕ್ಕಿಟ್ಟು ನನ್ನ ಹತ್ತಿರ ಸರಿದಳು.

"ನೀ ಇದ್ದಿಲ್ಲ ಅನ್ನಾಕ ಕಾಗದ ಇಲ್ಲ."

"ಇಲ್ರಿ."

"ಇದ್ದಿ ಅನ್ನಾಕ ಅದ."

"ಅದ."

ನಿಧಾನವಾಗಿ ಅವಳ ಮುಖದಲ್ಲಿ ಏನೋ ಬೆಳಗತೊಡಗಿತು. ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ, ಅದು ಆಸೆಯಾಗಿತ್ತು.

"ಖರೆ ಹೇಳು ಬೇಟಿ. ಪೊಲೀಸರಿಗಿ ಹೆದರಿ ಸುಳ್ಳು ಹೇಳಾಕತ್ತಿಯೇನು? ನೀ ಇದ್ದಿ ಹೌದಲ್ಲೋ? ನನ್ನ ಮಗ ಒಬ್ಬನೇ ಇದ್ದಿಲ್ಲ ಹೌದಲ್ಲೋ? ನೀರು ಕೇಳಿದ್ನೇನು?"

ಕರುಣೆಯೋ ಹೆದರಿಕೆಯೋ ನನಗೆ ಇವತ್ತಿಗೂ ತಿಳಿಯದು. ಸತ್ಯ ಹೇಳಿದ್ದೆ, ಅದು ಅವಳಿಗೂ ಬೇಕಿರಲಿಲ್ಲ, ನನ್ನನ್ನೂ ಉಳಿಸುತ್ತಿರಲಿಲ್ಲ.

"ಕೇಳಿದ್ದ ರಿ" ಎಂದೆ. "ಕುಡಿಸಿದೆ."

ಅವಳು ಅಳಲಿಲ್ಲ. ನನ್ನ ಬಲಗೈ ಎಳೆದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡಳು. ಸಹಿ ಮಾಡಿದ್ದು ಅದೇ ಕೈ, ಹಿಂದಕ್ಕೆ ಎಳೆದುಕೊಳ್ಳಲು ನೋಡಿದೆ, ಅವಳು ಬಿಡಲಿಲ್ಲ. ಬಹಳ ಹೊತ್ತಾದ ಮೇಲೆ ಲೋಟದ ನೀರು ಪೂರ್ತಿ ಕುಡಿದು ಎದ್ದಳು.

"ನಾಳಿ ಹತ್ತಕ್ಕ ಬರ್ತಿ ಅಲ್ಲ" ಎಂದಳು, ಚಪ್ಪಲಿ ಮೆಟ್ಟುತ್ತ. "ಸಾಹೇಬ್ರ ಮುಂದ ಇಷ್ಟ ಹೇಳು, ಸಾಕು. ನೀ ಅಲ್ಲೇ ಇದ್ದಿ ಅಂತ."