ಯಾರೂ ಅಳದ ಹಾಡು

ಫರ್ವಾನಿಯಾದ ಸೈಮನ್‌ನ ಹಾಡು ಕೇಳಿ ಇಡೀ ಕುವೈತಿನಲ್ಲಿ ಒಬ್ಬರೂ ಅತ್ತದ್ದಿಲ್ಲ. ಅವನ ಬದುಕಿನಲ್ಲಿ ಇದ್ದ ದುಃಖ ಇದೊಂದೇ. ಒಂದು ಹಾಡಿಗೆ ಸಾಲುವಷ್ಟು ದೊಡ್ಡದೂ ಅಲ್ಲ.

ಹಾಡು ಹಳೆಯ ಅಮೆರಿಕನ್ ಕಂಟ್ರಿ ಹಾಡು. ಪ್ರೀತಿಸಿದವಳು ಬೇರೊಬ್ಬನ ಜೊತೆ ಹೋಗುತ್ತಾಳೆ, ಇವನು ಕುಡಿಯುತ್ತಾ ಉಳಿಯುತ್ತಾನೆ, ಅಷ್ಟೇ. ಅಮೆರಿಕದ ದನ ಕಾಯುವವರಿಗೂ ಮಂಗಳೂರಿನ ಕ್ರೈಸ್ತರಿಗೂ ಎಂಥ ನಂಟೋ, ಇಲ್ಲಿನ ಊರಿನವರ ಸಂಘದ ಪಾರ್ಟಿಗಳಲ್ಲಿ ಈ ಹಾಡು ಆಗಲೇಬೇಕು. ಆದರೆ ಸೈಮನ್ ಗಿಟಾರ್ ಎತ್ತಿ ಮೊದಲ ಸಾಲು ಹಾಡಿದ ಕೂಡಲೇ ಜೋಡಿಗಳೆಲ್ಲ ಎದ್ದು, ಸೊಂಟಕ್ಕೆ ಕೈ ಹಾಕಿ, ವಾಲ್ಟ್ಜ್ ಕುಣಿತ ಶುರುಮಾಡುತ್ತಿದ್ದವು. ಇವನ ಎದೆ ಒಡೆಯುವ ಹೊತ್ತಿಗೆ ಅವರು ಬಿರಿಯಾನಿ ಬಂತೇ ಎಂದು ಹೆಂಡತಿಯರ ಹೆಗಲ ಮೇಲಿಂದ ಇಣುಕುತ್ತಾ ತಿರುಗುತ್ತಿದ್ದರು. ಒಬ್ಬರಾದರೂ ಕೂತು ಅತ್ತರೆ ಸಾಕು, ಗಿಟಾರ್ ಕೆಳಗಿಟ್ಟು ನೆಮ್ಮದಿಯಿಂದ ಸಾಯುತ್ತೇನೆ ಎನ್ನುತ್ತಿದ್ದ ಸೈಮನ್.

"ತಪ್ಪು ನಿಮ್ಮದೇ ಸೈಮನ್ ಬಾಬ್," ಎಂದ, ಕೊಂಕಣಿಯ ಮರ್ಯಾದೆ ಬಿಡದೆ, ಕೀಬೋರ್ಡ್ ನುಡಿಸುವ ರಾನ್ಸನ್. "ಇಬ್ಬರು ಹುಡುಗಿಯರು ಕೈಕೊಟ್ಟ ನನಗೇ ಅದನ್ನು ಹಾಡ್ಲಿಕ್ಕೆ ಧೈರ್ಯ ಇಲ್ಲ. ನಿಮಗೆ ಯಾರು ಕೈಕೊಟ್ಟದ್ದು?"

ಸೈಮನ್ ಪ್ರಾಮಾಣಿಕವಾಗಿ ಯೋಚಿಸಿದ. ಯಾರೂ ಇಲ್ಲ. ಅವನು ಹೆಣ್ಣು ನೋಡಲು ಹೋದದ್ದು ಹೆಂಡತಿ ಕಾರ್ಮೆಲ್ ಒಬ್ಬಳನ್ನೇ, ಅವಳು ಚಹಾ ಆರುವ ಮೊದಲೇ ಒಪ್ಪಿಬಿಟ್ಟಿದ್ದಳು. ಕೈಕೊಡಬೇಕಾದರೂ ಇನ್ನೊಬ್ಬಳು ಹತ್ತಿರ ಬರಬೇಕಲ್ಲ.

ಸರಿ, ದುಃಖವನ್ನು ಅಭ್ಯಾಸ ಮಾಡಿಯೇ ತರುವುದೆಂದು ಹೊರಟ. ಹಾಡಿನವನು ವಿಸ್ಕಿ ಕುಡಿಯುತ್ತಾನೆ. ಕುವೈತಿನಲ್ಲಿ ಅದಕ್ಕೆ ಅವಕಾಶವಿಲ್ಲದ್ದರಿಂದ ಸೈಮನ್ ಲಬನ್ ಕುಡಿದ. ಮಜ್ಜಿಗೆಯಿಂದ ವಿರಹ ಬರುವುದಿಲ್ಲ, ನಿದ್ದೆ ಬರುತ್ತದೆ. ಆಮೇಲೆ ಬಾತ್‌ರೂಮಿನಲ್ಲಿ ನಿಂತು ಎಷ್ಟು ನೊಂದು ಹಾಡಿದನೆಂದರೆ, ಮೇಲಿನ ಫ್ಲ್ಯಾಟಿನ ಅಹ್ಮದ್ ಕುಂಞಿ ಲವಂಗದ ಎಣ್ಣೆಯ ಬಾಟ್ಲಿ ಹಿಡಿದು ಇಳಿದು ಬಂದ.

"ಯಾವ ಹಲ್ಲು, ಭಾಯಿ?"

ಶುಕ್ರವಾರ ಮಧ್ಯಾಹ್ನ ಸಂಘದ ವಾರ್ಷಿಕೋತ್ಸವ. ಪ್ರತಿ ಸಲ ಸೈಮನ್ ಹಾಡುವಾಗ ಕಾರ್ಮೆಲ್ ಅಡುಗೆಯವರ ಬೆನ್ನು ಹತ್ತಿ ಒಳಗೇ ಇರುತ್ತಿದ್ದಳು. ಈ ಸಲ ಕಾಲು ಉಳುಕಿತ್ತು, ಮುಂದಿನ ಸಾಲಿನಲ್ಲಿ ಕೂತಿದ್ದಳು. ಹಾಡು ಶುರುವಾಯಿತು, ಜೋಡಿಗಳು ಎದ್ದವು. ತಿರುಗುವ ಸೀರೆ, ಕೋಟುಗಳ ನಡುವೆ ಸೈಮನ್‌ಗೆ ಒಂದು ಮುಖ ಕಾಣಿಸಿತು. ಕಾರ್ಮೆಲ್ ಅಳುತ್ತಿದ್ದಳು. ಕರ್ಚೀಫು ತೆಗೆಯದೆ, ಸದ್ದಿಲ್ಲದೆ.

ಗೆದ್ದೆ ಎಂದುಕೊಂಡ ಸೈಮನ್. ಮೂರನೆಯ ಚರಣವನ್ನು ಎರಡು ಸಲ ಹಾಡಿದ.

ಸಂಜೆ ಮನೆಗೆ ಹೋಗುವಾಗ ಸಿಗ್ನಲ್‌ನಲ್ಲಿ ಕಾರು ನಿಂತಿತು. ಗೆದ್ದವನಿಗೆ ಅದೇಕೋ ಗೆದ್ದದ್ದರ ಮೇಲೇ ಅನುಮಾನ ಶುರುವಾಗಿತ್ತು.

"ಕಾಲು ಅಷ್ಟು ನೋಯ್ತಾ?" ಎಂದು ಕೇಳಿದ, ಆಸೆಯಿಂದ.

"ಕಾಲು ಎಂತ ಇಲ್ಲ."

"ಮತ್ತೆ ಅತ್ತದ್ದು?"

"ಹಾಡು ಹಾಗೆ ಉಂಟಲ್ಲ." ಕಾರ್ಮೆಲ್ ಕಿಟಕಿಯ ಹೊರಗೆ ನೋಡಿದಳು. "ನೀವು ಎರಡನೇ ಸಾಲಿನಲ್ಲಿ ಅವಸರ ಮಾಡ್ತೀರಿ. ಅಲ್ಲಿ ಸ್ವಲ್ಪ ನಿಲ್ಲಬೇಕು. ಅವ ನಿಲ್ತಿದ್ದ."

"ಅವ ಅಂದ್ರೆ?"

"ಹಳೇ ಕತೆ, ಬಿಡಿ. ನಿಮ್ಮನ್ನು ನೋಡುವ ಮೊದಲು." ಕಿಟಕಿಯಿಂದ ಇತ್ತ ತಿರುಗಿ ಹೇಳಿದಳು, "ನೀವು ಬಂದದ್ದು ಒಳ್ಳೇದೇ ಆಯ್ತು."

ಆಮೇಲೆ ಆ ಸಾಲನ್ನು ತಾನೇ ಮೆಲ್ಲಗೆ ಹಾಡಿ ತೋರಿಸಿದಳು, ನಿಲ್ಲಬೇಕಾದಲ್ಲಿ ನಿಂತು. ಸೈಮನ್‌ಗೆ ಆ ಹಾಡು ಏನೆಂದು ಅರ್ಥವಾದದ್ದು ಆಗಲೇ. ಕಣ್ಣು ತುಂಬಿ ಎದುರಿನ ಸಿಗ್ನಲ್ ಎರಡೆರಡಾಗಿ ಕಂಡಿತು. ಹಿಂದಿನ ಟ್ಯಾಕ್ಸಿಯವನು ಹಾರ್ನ್ ಹೊಡೆದ.

"ಅಳುವುದು ಆಮೇಲೆ ಮಾರಾಯ್ರೆ," ಎಂದಳು ಕಾರ್ಮೆಲ್, ಅವನ ಕೈಗೆ ಕರ್ಚೀಫು ತುರುಕುತ್ತಾ. "ಹಸಿರು ಬಿತ್ತು, ಹೊರಡಿ, ಯಲ್ಲಾ."