ಬೆಳ್ಳೂರು ಕ್ರಾಸಿನ ಶುಂಠಿ ಸೋಡಾ

ಮಗ ನಿಂಗರಾಜುವಿನ ಮದುವೆಯಾಗಿ ಆರು ತಿಂಗಳಾಗಿದ್ದರೂ ಚಿಕ್ಕಸ್ವಾಮಿಗೆ ಸೊಸೆಯ ದನಿ ಹೇಗಿದೆ ಎಂಬುದೇ ಸರಿಯಾಗಿ ಗೊತ್ತಿರಲಿಲ್ಲ. ಊಟಕ್ಕೆ ಎದ್ದು ಬನ್ನಿ ಎನ್ನಬೇಕಾದರೂ ಪ್ರಮೀಳಾ ಒಳಗೆ ಅತ್ತೆಯ ಕಿವಿಯಲ್ಲಿ ಪಿಸುಗುಟ್ಟುವಳು. ಅತ್ತೆ ಬೈರಮ್ಮ ಹೊರಗೆ ಬಂದು ಗಂಡನನ್ನು ಕರೆಯುವಳು. ಹೆಣ್ಣುಮಕ್ಕಳಿಲ್ಲದ ಮನೆ ಅದು. ಎತ್ತಿನೊಂದಿಗೆ, ಆಳಿನೊಂದಿಗೆ, ಡೈರಿಯಲ್ಲಿ ಹಾಲು ಅಳೆಯುವವನೊಂದಿಗೆ ಬೇಕಾದಷ್ಟು ಮಾತಾಡಬಲ್ಲ ಚಿಕ್ಕಸ್ವಾಮಿ, ಇಪ್ಪತ್ತು ವರ್ಷದ ಹುಡುಗಿಯೊಂದಿಗೆ ಏನು ಮಾತಾಡುವುದೆಂದು ತಿಳಿಯದೆ ಸುಮ್ಮನಿದ್ದುಬಿಟ್ಟಿದ್ದ.

ಆ ವರ್ಷ ಸಂಕ್ರಾಂತಿ ಕಳೆಯುತ್ತಿದ್ದಂತೆ ಪ್ರಮೀಳಾಗೆ ಟೈಫಾಯ್ಡ್ ಬಂತು. ಪಾಂಡವಪುರದ ಡಾಕ್ಟರ ಔಷಧಿಗೆ ಜ್ವರವೇನೋ ಬಿಟ್ಟಿತು, ಬಾಯಿರುಚಿ ಮಾತ್ರ ಹಿಂದಿರುಗಲಿಲ್ಲ. ಗಂಜಿ ಕೊಟ್ಟರೆ ಕಹಿ, ಹಾಲು ಕೊಟ್ಟರೆ ವಾಕರಿಕೆ. ಮದುವೆಯ ಬಳೆಗಳು ಮೊಣಕೈವರೆಗೆ ಜಾರುವಷ್ಟು ಸೊರಗಿಹೋದಳು. ಬೈರಮ್ಮ ದೃಷ್ಟಿ ತೆಗೆದಳು, ಮಾರಮ್ಮನಿಗೆ ಹರಕೆ ಹೊತ್ತಳು. ಕೊನೆಗೊಂದು ದಿನ ತಲೆ ಬಾಚುತ್ತಾ, "ನಿಂಗೇನ್ ಬೇಕು ಅಂತಾನಾದ್ರೂ ಯೋಳವ್ವ" ಎಂದು ಗೋಗರೆದಾಗ ಹುಡುಗಿ ನಾಚಿಕೊಂಡು ಒಂದು ಮಾತು ಹೇಳಿದಳಂತೆ. ಚಿಕ್ಕವಳಿದ್ದಾಗ ಹೊಟ್ಟೆ ಕೆಟ್ಟರೂ, ಪರೀಕ್ಷೆ ಮುಗಿದರೂ ಅವಳಪ್ಪ ತಮ್ಮೂರ ಹತ್ತಿರದ ಬೆಳ್ಳೂರು ಕ್ರಾಸಿನಲ್ಲಿ ಸಾಬರೊಬ್ಬರ ಅಂಗಡಿಯ ಶುಂಠಿ ಸೋಡಾ ಕೊಡಿಸುತ್ತಿದ್ದರಂತೆ. ಅದೊಂದು ಸಿಕ್ಕರೆ ಕುಡಿದೇನು ಎಂದಳಂತೆ.

ಕಬ್ಬು ಅರೆಯುವ ಕಾಲ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ನಿಂಗರಾಜುವಿಗೆ ಒಂದು ದಿನ ರಜೆ ಸಿಗುವಂತಿರಲಿಲ್ಲ. "ನಾನೇ ವೋಗಿ ತತ್ತೀನಿ ಬುಡು" ಎಂದು ಚಿಕ್ಕಸ್ವಾಮಿ ಬಿಳಿ ಅಂಗಿ ತೊಟ್ಟು, ಬಟ್ಟೆಯ ಚೀಲ ಹಿಡಿದು ಹೊರಟ.

ನಾಗಮಂಗಲದಲ್ಲಿ ಬಸ್ಸು ಬದಲಿಸಿ ಬೆಳ್ಳೂರು ಕ್ರಾಸಿಗೆ ಹೋಗಿ ಇಳಿದರೆ ಅಂಗಡಿ ಇದ್ದ ಜಾಗದಲ್ಲಿ ಟೈರಿಗೆ ಪಂಚರ್ ಹಾಕುವವನು ಕೂತಿದ್ದ.

"ಸಾಬ್ರು ದೀಪಾವಳಿಗ್ ಮುಂಚೇನೇ ಅಂಗ್ಡಿ ಮುಚ್ಬುಟ್ಟು ಮಗಳ ಮನೆಗ್ ವೊಂಟೋದ್ರು ಗೌಡ್ರೆ" ಎಂದ ಅವನು. "ಈಗ ಎಲ್ರುಗೂ ಕಂಪ್ನಿ ಬಾಟ್ಲೀನೇ ಆಗ್ಬೇಕಲ್ಲ. ಗೋಲಿ ಸೋಡಾ ಯಾರಿಗ್ ಬೇಕು?"

ಬರಿಗೈಯಲ್ಲಿ ಹಿಂದಿರುಗಲು ಮನಸ್ಸಾಗಲಿಲ್ಲ. ಕ್ರಾಸಿನಲ್ಲಿ ಸೋಡಾ ಮಾರುವ ಅಂಗಡಿಗಳನ್ನೆಲ್ಲ ಹುಡುಕಿ ಒಂದೊಂದು ಬಾಟಲಿ ಒಡೆಸಿ ಕುಡಿದು ನೋಡಿದ. ಒಂದು ಕಡೆ ಪನ್ನೀರು ಸೋಡಾ. ಮದುವೆಮನೆಯ ಬಾಗಿಲಲ್ಲಿ ನಿಂತ ಹಾಗಾಯಿತು. ಇನ್ನೊಂದು ಕಡೆ ಜೀರಿಗೆ ಸೋಡಾ. ಅದು ಅವನಿಗೇ ಎಷ್ಟು ಹಿಡಿಸಿತೆಂದರೆ ಎರಡು ಕುಡಿದ. ನಾಗಮಂಗಲದ ಬಸ್ ನಿಲ್ದಾಣದಲ್ಲಿ ನನ್ನಾರಿ ಬೇರಿನ ಷರಬತ್ತಿಗೆ ಸೋಡಾ ಬೆರೆಸಿ ಕೊಡುವವನೊಬ್ಬ ಸಿಕ್ಕ. ಅದರ ಮಣ್ಣಿನಂಥ ತಂಪು ವಾಸನೆಗೆ ಚಿಕ್ಕಸ್ವಾಮಿ ಕಣ್ಣು ಮುಚ್ಚಿ ನಿಂತುಬಿಟ್ಟ. ಐವತ್ತೈದು ವರ್ಷ ಮಜ್ಜಿಗೆ, ಕಾಫಿ, ಕಬ್ಬಿನ ಹಾಲು ಬಿಟ್ಟು ಬೇರೇನೂ ಕುಡಿಯದ ತನ್ನ ನಾಲಿಗೆಗೆ ಇಷ್ಟೆಲ್ಲ ಬಾಕಿ ಇತ್ತೇ ಎನಿಸಿತು. ಆದರೆ ಶುಂಠಿಯದು ಎಲ್ಲೂ ಸಿಗಲಿಲ್ಲ. ಊರು ಸೇರುವವರೆಗೂ ಬಸ್ಸಿನಲ್ಲಿ ತೇಗುತ್ತಲೇ ಬಂದ.

ಮನೆಯ ಮುಂದೆ ಕಂಬಕ್ಕೆ ಒರಗಿ ಕೂತಿದ್ದ ಪ್ರಮೀಳಾ ಅವನನ್ನು ಕಂಡು ಸೆರಗು ಸರಿಮಾಡಿಕೊಂಡು ಎದ್ದಳು. ಅವಳ ಕಣ್ಣು ನೇರ ಚೀಲದ ಮೇಲೆ ಹೋಯಿತು. ಅಂಗಡಿಯೇ ಇಲ್ಲ ಎನ್ನಲು ಚಿಕ್ಕಸ್ವಾಮಿಗೆ ಬಾಯಿ ಬರಲಿಲ್ಲ.

"ಇವತ್ತು ಅಂಗ್ಡಿ ರಜಾ ಕನವ್ವ. ಇನ್ನೊಂದ್ ನಾಕ್ ದಿನ ಬುಟ್ಟು ಬನ್ನಿ ಅಂದವ್ರೆ" ಎಂದುಬಿಟ್ಟ.

ಹೇಳಿದ್ದಾಯಿತು, ಈಗ ಎಲ್ಲಿಂದ ತರುವುದು? ಮಾರನೆಯ ದಿನ ಗದ್ದೆ ಬದುವಿನ ಮೇಲೆ ಕೂತು ಯೋಚಿಸುವಾಗ ಪಕ್ಕದ ಆಲೆಮನೆಯ ಹೊಗೆ ಕಾಣಿಸಿತು. ಕಬ್ಬಿನ ಹಾಲನ್ನು ಕಾಯಿಸದೆ ಮುಚ್ಚಿಟ್ಟರೆ ಸಂಜೆಯ ಹೊತ್ತಿಗೆ ಗುಳುಗುಳು ಎಂದು ನೊರೆ ಬಿಡುತ್ತದೆ, ನಾಲಿಗೆಯ ಮೇಲೆ ಚುರುಚುರು ಎನ್ನುತ್ತದೆ. ಆ ಸೀಮೆಯ ಯಾವ ರೈತನಿಗೆ ಅದು ಗೊತ್ತಿಲ್ಲ? ಸೋಡಾ ಎಂದರೂ ಅದೇ ಚುರುಚುರು ತಾನೇ!

ಅಂದೇ ಗುಜರಿಯವನಿಂದ ತಿರುಪಿನ ಮುಚ್ಚಳವಿದ್ದ ನಾಲ್ಕು ಖಾಲಿ ಬ್ರಾಂದಿ ಸೀಸೆ ತಂದು, ಕುದಿಯುವ ನೀರಿನಲ್ಲಿ ತೊಳೆದು, ಗದ್ದೆಯ ಮೋಟಾರು ಮನೆಯಲ್ಲಿ ಸಾಲಾಗಿ ನಿಲ್ಲಿಸಿದ. ಕಬ್ಬಿನ ಹಾಲಿಗೆ ನೀರು ಬೆರೆಸಿ, ಶುಂಠಿ ಜಜ್ಜಿ ಹಾಕಿ, ಮುಚ್ಚಳ ಬಿಗಿದ. ಮೊದಲನೆಯದು ಕಾಡಿಯಂತೆ ಹುಳಿಯಾಯಿತು. ಎರಡನೆಯದರಲ್ಲಿ ಶುಂಠಿ ಹೆಚ್ಚಾಗಿ ಗಂಟಲು ಉರಿಯಿತು. ಮೂರನೆಯದು ಮುಚ್ಚಳ ಹಾರಿಸಿಕೊಂಡು ಹೋಗಿ ಮೋಟಾರಿನ ಮೇಲೆಲ್ಲ ಚೆಲ್ಲಿತು. ಹೀಗೆ ಕಲಿಯುತ್ತಾ ಕಲಿಯುತ್ತಾ, ನಿಂಬೆರಸ ಹಿಂಡಿ, ಒಂದು ರಾತ್ರಿ ಮಾತ್ರ ಇಟ್ಟು, ಬೆಳಿಗ್ಗೆಯೇ ಒದ್ದೆ ಗೋಣಿ ಸುತ್ತಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಹದ ನಿಲ್ಲುತ್ತದೆಂದು ಕಂಡುಕೊಂಡ.

ಒಂದು ಮಧ್ಯಾಹ್ನ ಅವನು ಮುಚ್ಚಳ ತಿರುಗಿಸುತ್ತಿದ್ದಾಗ, ಬುತ್ತಿ ತಂದ ಬೈರಮ್ಮ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಕಂಡದ್ದು ಬ್ರಾಂದಿ ಸೀಸೆಗಳು ಮಾತ್ರ.

"ಅಯ್ಯೋ ನನ್ ಸಿವ್ನೇ! ಮೊಮ್ಮಕ್ಳ ಕಾಣೋ ವಯ್ಸಲ್ಲಿ ಇದ್ಯಾವ ಚಟ ಅತ್ತುಸ್ಕಂಡ್ರಿ?"

"ಕಿರುಚ್ಬೇಡ ಕನಮ್ಮಿ. ಮೊದ್ಲು ಕುಡುದ್ ನೋಡು."

"ನಾನ್ ಕುಡಿಯದಾ!"

ಚಿಕ್ಕಸ್ವಾಮಿ ಅವಳನ್ನು ಕೂರಿಸಿ ಎಲ್ಲ ಹೇಳಿದ. ಬೈರಮ್ಮ ಮೊದಲು ಮೂಸಿದಳು, ಆಮೇಲೆ ತುದಿನಾಲಿಗೆಗೆ ಹಚ್ಚಿಕೊಂಡಳು, ಆಮೇಲೆ ಲೋಟ ಖಾಲಿ ಮಾಡಿ ಒಂದು ದೊಡ್ಡ ತೇಗು ತೇಗಿ ತಾನೇ ಬೆಚ್ಚಿಬಿದ್ದಳು. "ಚೂರು ಉಪ್ಪಾಕಿ" ಎಂದಳು. ಅಲ್ಲಿಂದ ಅವಳೂ ಈ ಗುಟ್ಟಿನಲ್ಲಿ ಪಾಲುದಾರಳಾದಳು.

ಬೆಳ್ಳೂರಿಗೆ ಹೋಗಿ ಬಂದಂತೆ ಕಾಣಬೇಕಲ್ಲ! ಚಿಕ್ಕಸ್ವಾಮಿ ಬಿಳಿ ಅಂಗಿ ತೊಟ್ಟು, ಬಸ್ಸಿನ ದಾರಿ ಹಿಡಿದು, ಕೆರೆ ಏರಿ ಬಳಸಿ ಮೋಟಾರು ಮನೆ ಸೇರಿ ಒಂದು ಒಳ್ಳೆಯ ನಿದ್ದೆ ತೆಗೆದ. ಮಧ್ಯಾಹ್ನದ ಬಸ್ಸಿನ ಹಾರನ್ನು ಕೇಳಿದ ಮೇಲೆ ಎದ್ದು ಸೋಡಾ ತಂದ. "ಬೆಳ್ಳೂರಿಂದು. ಗೋಲಿ ಬಾಟ್ಲಿ ಕೊಡಾಕಿಲ್ಲ ಅಂದ್ರು, ಇದ್ರಲ್ಲೇ ಬಗ್ಸುಸ್ಕಂಡ್ ಬಂದೆ" ಎಂದು ಬೈರಮ್ಮನ ಕೈಗಿತ್ತು, ತಾನು ಕಂಬದ ಮರೆಯಲ್ಲಿ ನಿಂತ.

ಪ್ರಮೀಳಾ ಒಂದು ಗುಟುಕು ಕುಡಿದು ತಡೆದಳು. ಲೋಟದೊಳಗೆ ನೋಡಿದಳು. ಚಿಕ್ಕಸ್ವಾಮಿ ಕಂಬದ ಮರೆಯಿಂದ ಕತ್ತು ಚಾಚಿದ. ಅವಳು ಮತ್ತೆ ಲೋಟ ಎತ್ತಿ, ಉಳಿದದ್ದನ್ನು ನಿಧಾನವಾಗಿ ಪೂರ್ತಿ ಕುಡಿದು, ಬಾಯಿ ಒರೆಸಿಕೊಂಡು, "ಅತ್ತೆ, ಅದೇ ಅಂಗ್ಡೀದು. ಇನ್ನೊಂದ್ಸಲ ತರ್ಸಿ" ಎಂದಳು. ಸಂಜೆ ಅರ್ಧ ಇಡ್ಲಿ ತಿಂದಳು. ಮರುದಿನ ಒಂದು ಪೂರ್ತಿ.

ಹೀಗೆ ಚಿಕ್ಕಸ್ವಾಮಿ ಮೋಟಾರು ಮನೆಯೆಂಬ ಬೆಳ್ಳೂರಿಗೆ ಹೋಗಿ ಬರುವುದು ನಡೆದೇ ಇತ್ತು. ಹುಡುಗಿಯ ಕೆನ್ನೆ ತುಂಬಿತು. ಅಷ್ಟರಲ್ಲಿ ಅವಳ ಅಣ್ಣ ತಿಮ್ಮರಾಜು ತಂಗಿಯನ್ನು ನೋಡಲು ಬಂದ. ಬಿಸಿಲಲ್ಲಿ ಬಂದವನಿಗೆ ಬೈರಮ್ಮ ಅಭ್ಯಾಸಬಲದಿಂದ ಸೋಡಾ ತಂದಿಟ್ಟು, "ನಿಮ್ಮೂರುದ್ದೇಯ ಕುಡಿಯಪ್ಪ, ಬೆಳ್ಳೂರು ಕ್ರಾಸಿಂದು" ಎಂದುಬಿಟ್ಟಳು.

ತಿಮ್ಮರಾಜು ಕುಡಿದು ಹುಬ್ಬೇರಿಸಿದ. "ನಮ್ಮೂರುದ್ದಾ? ಸಾಬ್ರು ಅಂಗ್ಡಿ ಮುಚ್ಚಿ ಸುಮಾರ್ ದಿನ ಆಯ್ತಲ್ಲ ಮಾವ?"

ಬೀಗರ ಮುಂದೆ ಸುಳ್ಳುಗಾರನಾದೆನಲ್ಲ ಎಂದು ಚಿಕ್ಕಸ್ವಾಮಿ ತಲೆ ತಗ್ಗಿಸಿದ. ಅಡುಗೆಮನೆಯ ಬಾಗಿಲಿನಿಂದ ಪ್ರಮೀಳಾಳ ದನಿ ಕೇಳಿತು. ಗಟ್ಟಿಯಾದ, ತುಸು ಗದರುವಂಥ ದನಿ.

"ನಿಂಗೇನ್ ಗೊತ್ತು ಸುಮ್ನಿರಣ್ಣ. ಅವ್ರ ತಮ್ಮ ಸಂತೆಮಾಳದ್ ಹಿಂದ್ಗಡೆ ಅಂಗ್ಡಿ ಇಟ್ಕಂಡವ್ರೆ. ಮಾವ ಹುಡುಕ್ಕಂಡ್ ವೋಗಿ ತತ್ತಾರೆ."

"ಇದ್ರೂ ಇರ್ಬೋದು" ಎಂದು ತಿಮ್ಮರಾಜು ಇನ್ನೊಂದು ಲೋಟ ಕೇಳಿದ.

ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಚಿಕ್ಕಸ್ವಾಮಿ ಜಗಲಿಯ ಮೇಲೆ ಕೂತ. ಒಳಗಿನ ಕಡೆ ಮುಖ ಮಾಡಿ, "ಮಗ, ಇಲ್ ಬಾ ಅವ್ವ" ಎಂದು ಕರೆದ. ಅವಳನ್ನು ತಾನಾಗಿ ಹತ್ತಿರ ಕರೆದದ್ದು ಅದೇ ಮೊದಲು. ಅವಳು ಬಂದು ಬಾಗಿಲ ಪಟ್ಟಿ ಹಿಡಿದು ನಿಂತಳು.

"ನಿಂಗ್ ಯಾವತ್ತಿಂದ ಗೊತ್ತಿತ್ತು?"

"ಮೊದ್ಲುನ್ ದಿನದಿಂದ್ಲೂವೆ. ಸಾಬ್ರು ಸೋಡಾಕ್ಕೆ ಸಕ್ರೆ ಆಕ್ತಿದ್ರು ಮಾವ. ಇದ್ರಲ್ಲಿ ಕಬ್ಬಿನ್ ಘಮ್ಲು ಬತ್ತಿತ್ತು. ನಿಮ್ ಅಂಗೀಗೂ ಅದೇ ವಾಸ್ನೆ."

"ಮತ್ಯಾಕ್ ಯೋಳ್ನಿಲ್ಲ?"

"ಯೋಳುದ್ರೆ ಮಾಡೋದ್ ನಿಲ್ಲುಸ್ಬುಡ್ತೀರೇನೋ ಅಂತ."

ಚಿಕ್ಕಸ್ವಾಮಿ ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡ. ಒರೆಸುತ್ತಲೇ ಇದ್ದ. ಆಮೇಲೆ, "ನಿಜ ಯೋಳು, ಯಾವ್ದು ಚೆಂದಾಗದೆ?" ಎಂದ.

"ಗ್ಯಾಸು ಸಾಬ್ರುದ್ರಲ್ಲೇ ಜಾಸ್ತಿ" ಎಂದಳು ಪ್ರಮೀಳಾ, ತಡಮಾಡದೆ. "ಆದ್ರೆ ನಂಗ್ ಬೇಕಾಗಿರೋದು ಇದೇಯ."

ಮರುವಾರ ಸೀಸೆಗಳು ಮೋಟಾರು ಮನೆಯಿಂದ ಅಡುಗೆಮನೆಗೆ ಬಂದವು. ಮಾವ-ಸೊಸೆಯ ಮಾತಿಗೆ ಕೊನೆಯೇ ಇಲ್ಲದಂತಾಯಿತು. ನಿಂಬೆ ಯಾವಾಗ ಹಿಂಡಬೇಕು, ಶುಂಠಿ ಸಿಪ್ಪೆ ತೆಗೆಯಬೇಕೋ ಬೇಡವೋ ಎಂದು ಇಬ್ಬರೂ ಜಗಳವಾಡುವರು. ಹುಣಸೆಹಣ್ಣಿನದು ಮಾಡಿದರು, ನನ್ನಾರಿ ಬೇರಿನದು ಮಾಡಿದರು. ರೇಷ್ಮೆ ಹುಳು ಸಾಕುವವರ ತೋಟದಿಂದ ಉಪ್ಪುನೇರಳೆ ಹಣ್ಣು ತಂದು ಮಾಡಿದ್ದಕ್ಕೆ ಮದುವಣಗಿತ್ತಿಯ ಸೀರೆಯಂಥ ಬಣ್ಣ ಬಂದು, ಬೀದಿಯವರೆಲ್ಲ ಲೋಟ ಹಿಡಿದು ಬಂದರು. ಬಾಳೆಹಣ್ಣಿನದನ್ನು ಮಾತ್ರ ಎಮ್ಮೆಯೂ ಮೂಸಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಮಲಗುವ ನಿಂಗರಾಜು, "ಇವ್ರಿಬ್ರ ಗಲಾಟೇಲಿ ಕಾರ್ಖಾನೇನೇ ವಾಸಿ" ಎಂದು ಗೊಣಗಿಕೊಂಡು ಮಗ್ಗುಲಾಗುವನು.

ಆಷಾಢ ಬಂತು, ಹೊಸ ಸೊಸೆ ತೌರಿಗೆ ಹೋದಳು. ಎರಡು ದಿನ ಮನೆಯಲ್ಲಿ ಯಾರೂ ಯಾರೊಂದಿಗೂ ಜಗಳವಾಡಲಿಲ್ಲ. ಬೈರಮ್ಮನಿಗೇ ತಡೆಯಲಾಗಲಿಲ್ಲ. "ವೋಗಿ ನೋಡ್ಕಂಡಾದ್ರೂ ಬನ್ನಿ, ಇಲ್ ಕಂಬ ಸುತ್ಬೇಡಿ" ಎಂದು ಗದರಿದಳು.

ಚಿಕ್ಕಸ್ವಾಮಿ ಒಬ್ಬನೇ ಶುಂಠಿ ಜಜ್ಜಿ, ಆಲೆಮನೆ ನಿಂತಿದ್ದರಿಂದ ಬೆಲ್ಲ ಕರಗಿಸಿ, ಎರಡು ಸೀಸೆ ಮಾಡಿ ಹೊರಟ. ದಾರಿಯ ಕುಲುಕಾಟಕ್ಕೆ ಒಂದು ಸೀಸೆ ನಾಗಮಂಗಲ ಸಿಗುವ ಮೊದಲೇ ಢಬ್ಬೆಂದು ಮುಚ್ಚಳ ಹಾರಿಸಿ ಕಂಡಕ್ಟರಿಗೆ ಅಭಿಷೇಕ ಮಾಡಿತು. ಅವನು ಬಯ್ಯಲು ಬಾಯಿ ತೆರೆದು, ತುಟಿಗೆ ಬಿದ್ದದ್ದನ್ನು ಚಪ್ಪರಿಸಿ, "ಏನ್ ಗೌಡ್ರೆ ಇದು? ಚೆಂದಾಗದಲ್ಲ!" ಎಂದ. ಉಳಿದ ಸೀಸೆಯನ್ನು ಚಿಕ್ಕಸ್ವಾಮಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬೆಳ್ಳೂರು ಮುಟ್ಟಿಸಿದ.

ಪ್ರಮೀಳಾ ಬೀಗರೆಲ್ಲರ ಎದುರಿಗೇ ಓಡಿಬಂದು ಸೀಸೆ ಕಿತ್ತುಕೊಂಡಳು. ಲೋಟಕ್ಕೂ ಬಗ್ಗಿಸದೆ ಒಂದು ಗುಟುಕು ಕುಡಿದು ಮುಖ ಕಿವುಚಿದಳು.

"ನಾನಿಲ್ದೆ ಇದ್ರೆ ಇಂಗೇಯ. ನಿಂಬೆಹಣ್ಣು ಮೊದ್ಲೇ ಇಂಡ್ಬುಟ್ಟಿದ್ದೀರಲ್ಲ ಮಾವ!"

"ಮರ್ತೋಯ್ತು ಕನವ್ವ" ಎಂದ ಚಿಕ್ಕಸ್ವಾಮಿ. ಅವನಿಗೆ ಹಿಡಿಸಲಾರದಷ್ಟು ಸಂತೋಷವಾಗಿತ್ತು.