ಹಿಮ ಬೀಳುವ ಸಂಭವವಿದೆ

“ಆ ಮುಚ್ಚಳಕ್ಕೆ ಕೈ ಹಾಕಿದ್ರೆ ನೋಡು, ನಾನು ಸುಮ್ನಿರಲ್ಲ” ಎಂದಳು ಅವಳು.

ಮೈದುನ ಕೈ ತೆಗೆಯಲಿಲ್ಲ. ಶವಪೆಟ್ಟಿಗೆಯ ಮುಚ್ಚಳವನ್ನು ಅರ್ಧ ಎತ್ತಿ ಹಿಡಿದುಕೊಂಡೇ ನಿಂತ. ಪೆಟ್ಟಿಗೆಯಲ್ಲಿ ಅವನ ಅಣ್ಣ ಮಲಗಿದ್ದ. ಗಡ್ಡ ಬೋಳಿಸಿದ ಮುಖ, ಕೊರಳವರೆಗೂ ಗುಂಡಿ ಹಾಕಿದ ಅಂಗಿ.

“ಅತ್ತಿಗೆ, ಒಂದ್ಸಲ ಹೊರಗೆ ಬಂದು ಆಕಾಶ ನೋಡಿ. ಒಂದು ಚೂರು ಮೋಡ ಇಲ್ಲ. ಗಾಳಿ ನಿಂತುಹೋಗಿದೆ. ರಾತ್ರಿ ಹಿಮ ಬಿದ್ದೇ ಬೀಳುತ್ತೆ. ಮರದ ತುಂಬ ಹೂವಿದೆ. ಕತ್ತಲಾಗೋ ಮುಂಚೆ ಎಲ್ಲರೂ ತೋಟ ಸೇರಿ, ಹೂವು ಸುಟ್ಟುಹೋಗದ ಹಾಗೆ ಹೊಗೆ ಹಾಕ್ಬೇಕು. ಈಗಲೇ ಎತ್ತಿದ್ರೆ ಸರಿಹೋಗುತ್ತೆ.”

“ಮಗಳು ಸಂಜೆ ಬಸ್ಸಿಗೆ ಬರ್ತಾಳೆ. ಅವಳು ಅಪ್ಪನ ಮುಖ ನೋಡೋವರೆಗೂ ಇದನ್ನ ಮುಚ್ಚೋ ಹಾಗಿಲ್ಲ.”

“ಆ ಬಸ್ಸು ಯಾವತ್ತು ಹೊತ್ತಿಗೆ ಸರಿಯಾಗಿ ಬಂದಿದೆ? ಅದನ್ನ ಕಾಯ್ತಾ ಕೂತ್ರೆ ಅಣ್ಣನೇ ಎದ್ದುಹೋಗಿ ಮಗಳನ್ನ ಕರ್ಕೊಂಡು ಬರ್ತಾನೆ.”

ಗೋಡೆಗೆ ಒರಗಿದ್ದವರಲ್ಲಿ ಯಾರೋ ನಕ್ಕರು. ನಕ್ಕಿದ್ದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು.

ಅವಳು ಅತ್ತ ತಿರುಗಿದಳು. “ನಗ್ರಪ್ಪಾ. ಇಷ್ಟು ವರ್ಷ ದಿನಾ ಸಂಜೆ ಹಿಮ ಬೀಳುತ್ತೆ, ಹಿಮ ಬೀಳುತ್ತೆ ಅಂತ ಇವರು ಬಾಯಿ ಬಡ್ಕೊಂಡ್ರು. ಒಬ್ಬರೂ ನಂಬಲಿಲ್ಲ. ಇವತ್ತು ಬಾಯಿ ಮುಚ್ಚಿ ಮಲಗಿದಾರೆ, ಇವತ್ತು ಎಲ್ಲರಿಗೂ ನಂಬಿಕೆ ಬಂದುಬಿಡ್ತು.”

ಕುಳಿತವರು ಹೆಣ ನೋಡುತ್ತಿರಲಿಲ್ಲ, ಕಿಟಕಿ ನೋಡುತ್ತಿದ್ದರು. ಬೀಡಿ ಸೇದಲು ಹೊರಗೆ ಹೋದವರು ಬೀಡಿ ಹಚ್ಚುವ ಮೊದಲು ಕತ್ತೆತ್ತುತ್ತಿದ್ದರು. ಸೊಸೈಟಿಯ ಮ್ಯಾನೇಜರ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ.

“ಅಮ್ಮಾ, ಬೆಳಿಗ್ಗೆ ಹವಾಮಾನ ಕಚೇರಿಯಿಂದ ಫೋನ್ ಬಂತು. ಇದು ಸುಮ್ನೆ ಹೇಳೋದಲ್ಲ, ನಿಜವಾದ ಹಿಮ” ಎಂದ.

“ಹಾಗಾದ್ರೆ ಅವರು ಹೇಳಿದ್ದೆಲ್ಲ ಸುಳ್ಳು ಹಿಮ” ಎಂದಳು ಅವಳು.

*

ಪೆಟ್ಟಿಗೆಯಲ್ಲಿ ಮಲಗಿದ್ದವನು ಸೊಸೈಟಿಯಲ್ಲಿ ಗೊಬ್ಬರ ತೂಗುವ ಗುಮಾಸ್ತ. ಹಗಲೆಲ್ಲ ಮೂಟೆ, ತಕ್ಕಡಿ, ರಸೀದಿ. ಸಂಜೆಯಾದರೆ ಮೈಕಿನ ಕೋಣೆಗೆ ಹತ್ತಿ, ಫೋನಿನಲ್ಲಿ ಬಂದ ಹವಾಮಾನವನ್ನು ಕಾಗದಕ್ಕೆ ಬರೆದುಕೊಂಡು ಓದುತ್ತಿದ್ದ. ಸೊಸೈಟಿಯ ಮಾಳಿಗೆಯ ಮೇಲಿನ ದೊಡ್ಡ ಸ್ಪೀಕರಿನಿಂದ ಅದು ಸೇಬಿನ ತೋಟಗಳ ಕೊನೆಯವರೆಗೂ ಕೇಳುತ್ತಿತ್ತು. ಜನ ಅವನನ್ನು ಮೋಡಣ್ಣ ಎಂದು ಕರೆಯುತ್ತಿದ್ದರು. ಮೋಡದ ವಿಷಯ ಅವನಿಗೆ ಏನೇನೂ ಗೊತ್ತಿರಲಿಲ್ಲ. ಮಳೆ ಬರುತ್ತದೆ ಎಂದು ತಾನೇ ಓದಿದ ಮರುದಿನ ಕೊಡೆಯಿಲ್ಲದೆ ಹೋಗಿ, ನೆಂದು, ಮೂಗು ಸೋರಿಸಿಕೊಂಡು ಮನೆಗೆ ಬರುವ ಆಸಾಮಿ. ಬರೆದುಕೊಂಡಿದ್ದನ್ನು ಓದುವುದು, ಮನೆಗೆ ಬಂದು ಉಣ್ಣುವುದು, ಮಲಗುವುದು. ಅಷ್ಟೇ ಬದುಕು.

ತಮ್ಮನ ತೋಟ ಮೊದಲ ಸಲ ಹೂ ಬಿಟ್ಟ ವಸಂತದಲ್ಲಿ ಒಂದು ಸಂಜೆ ಫೋನಿನವರು, ಆಕಾಶ ಶುಭ್ರ, ಚಳಿ ಸಾಧಾರಣ ಎಂದರು. ಅವನು ಹಾಗೇ ಓದಿದ. ಅಣ್ಣನ ದನಿ ಕೇಳಿ ತಮ್ಮ ನೆಮ್ಮದಿಯಾಗಿ ಮಲಗಿದ. ಬೆಳಗಿನ ಜಾವ ಹಿಮ ಬಿತ್ತು. ಬಿಸಿಲು ಏರುವಷ್ಟರಲ್ಲಿ ತೋಟದ ಹೂವೆಲ್ಲ ಕುದಿಸಿದ ಟೀ ಸೊಪ್ಪಿನ ಬಣ್ಣಕ್ಕೆ ತಿರುಗಿತು.

ಸೊಸೈಟಿಗೆ ಬಂದ ತಮ್ಮ, ಗೊಬ್ಬರಕ್ಕೆ ಸಾಲು ನಿಂತವರ ಮುಂದೆಯೇ ಕೂಗಾಡಿದ.

“ನಿನ್ನ ಬಾಯಿಂದ ಹೋಯ್ತಲ್ಲೋ ನನ್ನ ತೋಟ. ಒಡಹುಟ್ಟಿದವನು ಅಂತ ನಂಬಿದ್ದೆ. ಕಾಗದದಲ್ಲಿ ಇದ್ದಿದ್ದನ್ನ ಗಿಳಿ ಥರ ಒದರಿಬಿಟ್ರೆ ಆಯ್ತಾ? ಒಂದ್ಸಲ ಹೊರಗೆ ಬಂದು ನೋಡೋಕೆ ಏನಾಗಿತ್ತು ನಿನಗೆ?”

ಕಚೇರಿಯವರು ಹೇಳಿದ್ದನ್ನೇ ಹೇಳಿದೆ ಎನ್ನಬಹುದಿತ್ತು. ಅವನು ಅನ್ನಲಿಲ್ಲ. ಕೈಯಲ್ಲಿ ಗೊಬ್ಬರ ಮೊಗೆಯುವ ಡಬ್ಬಿ ಹಿಡಿದು, ತಮ್ಮ ಬೈದು ಮುಗಿಸುವವರೆಗೂ ನಿಂತಿದ್ದ. ಆಮೇಲೆ ತಕ್ಕಡಿಯಲ್ಲಿದ್ದುದನ್ನು ತೂಗಿ ಮುಗಿಸಿದ. ಅಂದಿನಿಂದ ಇವತ್ತಿನವರೆಗೂ ಅಣ್ಣನ ಮನೆಯ ಹೊಸಿಲನ್ನು ತಮ್ಮ ತುಳಿದಿರಲಿಲ್ಲ.

ಮುಂದಿನ ವಸಂತದಿಂದ ಫೋನಿನವರು ಏನೇ ಹೇಳಲಿ, ಓದಿದ್ದರ ಕೊನೆಗೆ ಅವನು ತನ್ನದೊಂದು ಸಾಲು ಸೇರಿಸತೊಡಗಿದ. “ಹಿಮ ಬೀಳುವ ಸಂಭವವಿದೆ.” ಹೆಂಡತಿ ಪಾತ್ರೆ ತೊಳೆಯುತ್ತ ಕೇಳಿಸಿಕೊಂಡಳು. ಅವನು ಮನೆಗೆ ಬಂದಾಗ, “ಸೆಖೆಗೆ ಬೆವರ್ತಾ ಇದೀನಿ. ಯಾವ ಹಿಮ ಬೀಳುತ್ತೆ?” ಎಂದಳು.

“ಬೀಳದಿದ್ರೆ ನನ್ನ ಬೈತಾರೆ. ಬಿದ್ರೆ ಅವರು ಅಳ್ತಾರೆ. ಬೈಸ್ಕೊಳ್ಳೋದೇ ವಾಸಿ” ಎಂದು ಅವನು ತಟ್ಟೆ ಮುಂದಕ್ಕೆ ಎಳೆದುಕೊಂಡ.

ಮೊದಲ ವರ್ಷ ಜನ ಡ್ರಮ್ಮುಗಳಲ್ಲಿ ಹಸಿ ಹುಲ್ಲು ಸುಟ್ಟು, ನಿದ್ದೆಗೆಟ್ಟು ಹೊಗೆ ಹಾಕಿದರು. ಎರಡನೆಯ ವರ್ಷ ಗೊಣಗಿದರು. ಆಮೇಲೆ ನಗತೊಡಗಿದರು. ಟೀ ಅಂಗಡಿಯಲ್ಲಿ, “ಹಿಮ ಬೀಳುವ ಸಂಭವವಿದೆ, ಸ್ವಲ್ಪ ಬಿಸಿಯಾಗಿ ಕೊಡಪ್ಪ” ಎನ್ನುವುದು ಮಾಮೂಲಾಯಿತು. ಮ್ಯಾನೇಜರ್ ಕರೆದು ಗದರಿದ. ಅವನು ತಲೆಯಾಡಿಸಿದ. ಸಂಜೆ ಮತ್ತೆ ಅದನ್ನೇ ಓದಿದ.

*

ಪಕ್ಕದ ಮನೆಯ ದರ್ಜಿಯಮ್ಮ ಅವಳ ಭುಜ ಹಿಡಿದಳು. “ಬಿಡೇ ತಾಯಿ. ಮಗಳು ಬಂದು ಗೋರಿ ನೋಡ್ತಾಳೆ. ಇವರಿಗೂ ಹೊಟ್ಟೆಪಾಡು ಇದೆ.”

ಅವಳು ಕೋಣೆಯಲ್ಲಿದ್ದ ಒಂದೊಂದು ಮುಖವನ್ನೂ ನೋಡಿದಳು. ತನ್ನ ಕಡೆ ಒಬ್ಬರೂ ಇರಲಿಲ್ಲ. ಅಳು ಬರಲಿಲ್ಲ, ಸಿಟ್ಟೂ ಎಲ್ಲೋ ಹೋಗಿತ್ತು. ಕೈ ಮಾತ್ರ ಇನ್ನೂ ಪೆಟ್ಟಿಗೆಯ ಅಂಚಿನ ಮೇಲಿತ್ತು. ಅದು ಬೇರೆ ಯಾರದೋ ಕೈ ಎನ್ನುವಂತೆ ನೋಡಿ, ಎತ್ತಿಕೊಂಡಳು.

ಮೈದುನ ಮುಚ್ಚಳ ಇಟ್ಟ. ಮೊಳೆ ಹೊಡೆಯಲು ಹೊರಟವನನ್ನು, “ಸ್ಮಶಾನದಲ್ಲೇ ಹೊಡೆಯೋಣ, ಎತ್ರೋ” ಎಂದು ತಡೆದ.

*

ಹಿಂದಿನ ವಾರ ಮಗಳು ಫೋನ್ ಮಾಡಿದ್ದಳು. ದೂರದ ಊರಿನ ಹೋಟೆಲೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ನಾಲ್ಕು ದಿನ ರಜೆ ಸಿಕ್ಕಿದೆ, ಬರಲೇ ಎಂದು ಕೇಳಿದಳು.

“ಈಗ ಬೇಡ ಮಗಳೇ. ಹೂವಿನ ಕಾಲ ಮುಗೀಲಿ, ಆಮೇಲೆ ಬಾ” ಎಂದ ಅಪ್ಪ. “ಈಗ ಬಂದ್ರೆ ನಿನ್ನ ಜೊತೆ ಕೂರೋಕೂ ಆಗಲ್ಲ. ತಲೆಯೆಲ್ಲ ಈ ಹಿಮದಲ್ಲೇ ಇರುತ್ತೆ.”

ತಾಯಿ ಪಕ್ಕದಲ್ಲೇ ಕೂತು ಆಲೂಗೆಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಫೋನ್ ಕಿತ್ತುಕೊಂಡು, ಬಾರೇ, ನಿಮ್ಮಪ್ಪನ ಮಾತು ಕೇಳಬೇಡ ಎನ್ನಬಹುದಿತ್ತು. ಕೈ ಒದ್ದೆಯಾಗಿತ್ತು. ಆಮೇಲೆ ಮಾತಾಡಿದರಾಯಿತು ಎಂದುಕೊಂಡಳು.

*

ಸ್ಮಶಾನ ಇಳಿಜಾರಿನ ಮೇಲಿತ್ತು. ಅಲ್ಲಿ ನಿಂತರೆ ಎಲ್ಲರ ತೋಟವೂ ಕಾಣುತ್ತಿತ್ತು. ಗುಂಡಿಯ ಪಕ್ಕ ಎರಡು ಹಲಗೆಗಳ ಮೇಲೆ ಪೆಟ್ಟಿಗೆ ಇಳಿಸಿದರು. ಗುಂಡಿ ತೋಡುವವನು ಸುತ್ತಿಗೆ ತೆಗೆದ.

“ಕೊನೇದಾಗಿ ಒಂದ್ಸಲ ನೋಡ್ಬಿಡಿ ಅತ್ತಿಗೆ” ಎಂದ ಮೈದುನ.

“ನಿಲ್ಲಿ, ಬರ್ತೀನಿ” ಎಂದು ಅವಳು ಗೇಟಿನ ಕಡೆ ನಡೆದಳು. ಅವಸರವಿಲ್ಲದ ನಡಿಗೆ. ಶಾಲು ತರಲು ಹೋದಳು ಎಂದುಕೊಂಡರು. ಚಳಿ ಆಗಲೇ ಶುರುವಾಗಿತ್ತು.

ಕಾದರು. ಬಿಸಿಲು ಗೋರಿಗಳ ತಲೆ ದಾಟಿ ಬೇಲಿಗೆ ಏರಿತು. ನೋಡಿಕೊಂಡು ಬಾ ಎಂದು ದರ್ಜಿಯಮ್ಮನನ್ನು ಕಳಿಸಿದರು. ಅವಳು ಏದುಸಿರು ಬಿಡುತ್ತ ಬಂದಳು.

“ಮನೇಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬೆಂಚಿನ ಮೇಲೆ ಕೂತಿದಾಳೆ. ಕರೆದೆ, ಬೇಡ್ಕೊಂಡೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.”

“ಒಳ್ಳೆ ಹೆಂಗಸು” ಎಂದ ಒಬ್ಬ. “ನಮ್ಮನ್ನೆಲ್ಲ ಇಲ್ಲಿ ಕಟ್ಟಿಹಾಕಿ ಹೋದ್ಲಲ್ಲ.”

“ಅವಳಿಲ್ಲದೆ ಹೂತುಬಿಟ್ರೆ ಏನಾಗುತ್ತೆ?”

“ಏನೂ ಆಗಲ್ಲ. ನಾಳೆಯಿಂದ ಅವಳ ಮುಖ ಹ್ಯಾಗೆ ನೋಡ್ತೀಯ, ಅದು ನಿನಗೆ ಬಿಟ್ಟಿದ್ದು” ಎಂದಳು ದರ್ಜಿಯಮ್ಮ.

ಎಲ್ಲರೂ ಮೈದುನನ ಕಡೆ ನೋಡಿದರು. ಅವನು ಪಡುವಣ ನೋಡುತ್ತಿದ್ದ. ಒಬ್ಬ, ಹೆಂಡತಿಗೆ ಒಬ್ಬಳಿಗೇ ಡ್ರಮ್ ಎಳೆಯೋಕಾಗಲ್ಲ ಎಂದು ಹೊರಟ. ಇನ್ನೊಬ್ಬ, ಹುಲ್ಲು ಇನ್ನೂ ಗಾಡಿಯಲ್ಲೇ ಇದೆ ಎಂದ. ಉಳಿದವರು ಟೋಪಿ ಹಾಕಿಕೊಂಡು ಇಳಿದರು. ಮ್ಯಾನೇಜರ್ ಕೈ ಮುಗಿದು, ಯಾರಿಗೆ ಮುಗಿದೆನೋ ತಿಳಿಯದೆ, ನಡೆದುಬಿಟ್ಟ. ದರ್ಜಿಯಮ್ಮ ಮತ್ತೆ ಬಸ್ ಸ್ಟ್ಯಾಂಡಿಗೆ ಹೋದಳು.

ಗುಂಡಿಯವನು ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಾಯಿಸಿದ. “ಹೇಳಿ ಯಜಮಾನ್ರೇ. ಹೊಡೆದು ಇಳಿಸಿಬಿಡಲಾ? ನಾವಿಬ್ಬರೇ ಹಗ್ಗ ಹಾಕಿ ಇಳಿಸಬಹುದು. ತೆಳ್ಳಗಿನ ಮನುಷ್ಯ.”

ಮೈದುನ ಪೆಟ್ಟಿಗೆ ನೋಡಿದ. ಕೆಳಗೆ ತನ್ನ ತೋಟ ನೋಡಿದ. ಬಾಯಿ ತೆರೆದ, ಉಸಿರು ಬಿಳಿಯಾಗಿ ಹೊರಬಂತು.

“ಬೇಡ” ಎಂದ.

“ಮತ್ತೆ ನಿಮ್ಮ ಹೂವು?”

“ಬೇಡ ಅಂದ್ನಲ್ಲಯ್ಯಾ. ನೀನು ಹೋಗು. ಬಸ್ಸು ಬಂದಮೇಲೆ ಕರೀತೀನಿ.”

ಅವನು ತೋಡಿದ ಮಣ್ಣಿನ ಗುಡ್ಡೆಯ ಮೇಲೆ ಕುಳಿತ. ಗೇಟು ತೆರೆದೇ ಇತ್ತು, ಅದರೊಳಗೆ ಯಾರೂ ಬರಲಿಲ್ಲ. ಕೆಳಗೆ ಮೊದಲ ಡ್ರಮ್ಮು ಹೊತ್ತಿತು. ಆಮೇಲೆ ಅದರ ಪಕ್ಕದ್ದು, ಅದರಾಚೆಯದು. ಗಾಳಿಯಿಲ್ಲದ್ದರಿಂದ ಹೊಗೆ ಮೇಲೇಳದೆ ಮರಗಳ ಮೇಲೆ ಹಾಸಿಕೊಂಡಿತು, ಒಂದೊಂದಾಗಿ ತೋಟಗಳೆಲ್ಲ ಮರೆಯಾದವು. ನಡುವೆ ಒಂದೇ ಒಂದು ತೋಟ ಹೊಗೆಯಿಲ್ಲದೆ, ಮರ ಮರವೂ ಎಣಿಸುವಷ್ಟು ನಿಚ್ಚಳವಾಗಿ, ಬೆಳ್ಳಗೆ ನಿಂತಿತ್ತು.